ಹಳೆಯ ನಕ್ಷೆ, ಹೊಸ ಯಂತ್ರ



ಲೊಂಬಾರ್ಡಿನಲ್ಲಿ ಲೈಲಾಕ್ ಹೂ ಬಿಡುವ ಹೊತ್ತಿಗೆ ನಮ್ಮ ಮನೆಗಳಲ್ಲಿ ನೆಲಮಾಳಿಗೆ ಗುಡಿಸುವ ಕಾರ್ಯಕ್ರಮವೂ ಆರಂಭವಾಗುತ್ತದೆ. ಪೆಟ್ಟಿಗೆಗಳಿಂದ ಹಳೆಯ ಫ್ಲಾಪಿಗಳು, ಸಿ.ಡಿ.ಗಳು ಹೊರಬರುತ್ತವೆ. ಅವನ್ನು ಕಸಕ್ಕೆ ಹಾಕುವ ಮುನ್ನ ಈ ನಾಲ್ಕು ಮಾತು ಓದಬೇಕೆಂದು ವಿನಂತಿ.

1993ರ ಡಿಸೆಂಬರಿನಲ್ಲಿ ಟೆಕ್ಸಾಸಿನ ಇಡ್ ಸಾಫ್ಟ್‌ವೇರ್ ಕಂಪನಿಯವರು 'ಡೂಮ್' ಎಂಬ ಆಟವನ್ನು ಹೊರತಂದರು. ಅದರ ಗುಂಡಿನ ಸದ್ದಿಗೆ ಹಣೆ ಚಚ್ಚಿಕೊಂಡ ತಾಯಂದಿರು ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ಅದರಲ್ಲಿ ಒಂದು ವಿಶೇಷವಿತ್ತು. ಆಟ ನಡೆಸುವ ಯಂತ್ರ ಬೇರೆ, ಆಡುವ ನಕ್ಷೆ ಬೇರೆ. ಆದ್ದರಿಂದ ಹುಡುಗರು ತಾವೇ ಕೋಟೆ, ಗುಹೆ, ಸೇತುವೆ ಕಟ್ಟಿ 'ವ್ಯಾಡ್' ಎಂಬ ಕಡತದಲ್ಲಿ ಇಟ್ಟುಕೊಳ್ಳಬಹುದಾಯಿತು. ನಮ್ಮಿಂದ ಎರಡು ಮೂರು ಗಂಟೆ ದಾರಿಯ ಮ್ಯಾಡಿಸನ್ನಿನಲ್ಲಿರುವ ರೇವನ್ ಸಾಫ್ಟ್‌ವೇರಿನವರು ಇದೇ ಯಂತ್ರವನ್ನು ಬಳಸಿ 1994ರಲ್ಲಿ 'ಹೆರೆಟಿಕ್' ಆಟವನ್ನೇ ಮಾಡಿದರು.

1997ರ ಡಿಸೆಂಬರಿನಲ್ಲಿ ಇಡ್‌ನವರು ಡೂಮ್ ಯಂತ್ರದ ಮೂಲ ಪ್ರೋಗ್ರಾಮನ್ನು ಲೋಕಕ್ಕೆ ಬಿಟ್ಟುಕೊಟ್ಟರು. ಮರುವರ್ಷವೇ 'ಬೂಮ್', 'ಜ಼ೀಡೂಮ್' ಮೊದಲಾದ ಹೊಸ ಯಂತ್ರಗಳು ಬಂದವು. ಹಳೆಯದರ ತಪ್ಪುಗಳನ್ನು ತಿದ್ದಿದವು. ತೊಂದರೆ ಹುಟ್ಟಿದ್ದು ಇಲ್ಲೇ. ಊರಿನ ಮನೆಯ ಬಾಗಿಲು ಸ್ವಲ್ಪ ಎತ್ತಿ ಎಳೆದರೆ ಮಾತ್ರ ಮುಚ್ಚುತ್ತದೆ ಎನ್ನಿ. ಬಡಗಿ ಬಂದು ಸರಿಮಾಡಿದ ಮೇಲೂ ಅದೇ ಅಭ್ಯಾಸದಲ್ಲಿ ಎಳೆದರೆ ಬೆರಳು ಸಿಕ್ಕಿಕೊಳ್ಳುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. 1994ರ 'ಡೂಮ್ 2'ರಲ್ಲಿ ಪೇನ್ ಎಲಿಮೆಂಟಲ್ ಎಂಬ ರಾಕ್ಷಸನಿದ್ದಾನೆ. ನಮ್ಮ ರಕ್ತಬೀಜಾಸುರನ ಸಂಬಂಧಿಯೇ ಇರಬೇಕು, ಬಾಯಿಂದ ಉರಿಯುವ ತಲೆಬುರುಡೆಗಳನ್ನು ಉಗುಳುತ್ತಲೇ ಇರುತ್ತಾನೆ. ನಕ್ಷೆಯಲ್ಲಿ ಬುರುಡೆಗಳ ಸಂಖ್ಯೆ 20 ಮೀರಿದರೆ ಮೂಲ ಯಂತ್ರ ಅವನ ಬಾಯಿ ಕಟ್ಟುತ್ತಿತ್ತು. ಬೂಮ್ ಆ ಮಿತಿಯನ್ನು ತೆಗೆದುಹಾಕಿತು. ಮಿತಿಯನ್ನು ನಂಬಿ ಹತ್ತು ರಾಕ್ಷಸರನ್ನು ನಿಲ್ಲಿಸಿದ್ದ ನಕ್ಷೆಯಲ್ಲಿ ಈಗ ಬುರುಡೆಗಳ ಪ್ರಳಯ. ಹಾಗೆಯೇ, ಯಂತ್ರದ ಕಣ್ಣಿಗೆ ಮಣ್ಣೆರಚಿ ಕಟ್ಟಿದ ಕಾಣದ ಸೇತುವೆಗಳೂ ಆಳದ ನೀರೂ ಕೆಲವು ಹೊಸ ಯಂತ್ರಗಳಲ್ಲಿ ವಿಕಾರವಾಗಿ ಕಾಣುತ್ತವೆ. ನಕ್ಷೆಯ ಒಂದಕ್ಷರವೂ ಬದಲಾಗಿಲ್ಲ. ಅದರ ಕಾಲಡಿಯ ನೆಲ ಬದಲಾಗಿದೆ.

ಆ ಆಟಗಾರರು ಇದಕ್ಕೆ ಕಂಡುಕೊಂಡ ಉಪಾಯ ಮೆಚ್ಚತಕ್ಕದ್ದು. ಹಳೆಯ ನಕ್ಷೆಗಳನ್ನು ತಿದ್ದುವ ಬದಲು ಯಂತ್ರಕ್ಕೇ ಹಳೆಯ ನಡತೆ ಕಲಿಸಿದರು. 'ಪ್ರ್‌ಬೂಮ್ ಪ್ಲಸ್'ನಲ್ಲಿ ಹೊಂದಾಣಿಕೆಯ ಮಟ್ಟ 2 ಎಂದರೆ ಅದು ಹಳೆಯ ಡೂಮ್ 2ರಂತೆ ನಡೆದುಕೊಳ್ಳುತ್ತದೆ. 9 ಎಂದರೆ ಬೂಮ್‌ನಂತೆ. ಜ಼ೀಡೂಮ್‌ನವರು ತೊಂದರೆ ಕೊಡುವ ನಕ್ಷೆಗಳ ಗುರುತು ಹಿಡಿದು, ಯಾವುದಕ್ಕೆ ಯಾವ ರಿಯಾಯಿತಿ ಎಂದು ಪಟ್ಟಿಯನ್ನೇ ಇಟ್ಟಿದ್ದಾರೆ. 2005ರಲ್ಲಿ ಶುರುವಾದ 'ಚಾಕೊಲೇಟ್ ಡೂಮ್' ಅಂತೂ ಮೂಲದ ತಪ್ಪುಗಳನ್ನೂ ಜತನವಾಗಿ ಉಳಿಸಿಕೊಂಡಿದೆ.

'ಮಕ್ಕಳಾಟದ ವಿಷಯ ನಮಗೇಕೆ?' ಎಂದು ಹಿರಿಯರು ಕೇಳಬಹುದು. ಅದೇ ಪೆಟ್ಟಿಗೆಯಲ್ಲಿ ನಿಮ್ಮ ಕನ್ನಡವೂ ಇದೆ, ಸ್ವಾಮಿ! 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ನಾವು ಕಥೆ, ನಾಟಕ, ತಾಯ್ತಂದೆಯರಿಗೆ ಪತ್ರ ಎಲ್ಲವನ್ನೂ ಅವುಗಳಲ್ಲಿ ಬರೆದೆವು. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಇಂದಿನ ಕಂಪ್ಯೂಟರಿನಲ್ಲಿ ನುಡಿಯ 'ಕ' ಎಂಬುದು ಇಂಗ್ಲಿಷಿನ 'ಪಿ'ಯಾಗಿ, ಪಕ್ಕದಲ್ಲಿ ತಲೆಯ ಮೇಲೆ ಗೀಟುಳ್ಳ 'ಎ'ಯಾಗಿ ಕಾಣುತ್ತದೆ.

ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳೇನೋ ಇವೆ. ಆದರೂ ಒಂದು ಎಚ್ಚರಿಕೆ. 'ಸೂರ್ಯ' ಎಂಬಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವುದು 'ಯ'ದ ನಂತರ. ಹಳೆಯ ಫಾಂಟುಗಳು ಹಾಗೆಯೇ ಕೂಡಿಟ್ಟವು. ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಈ ಅದಲುಬದಲು ಸರಿಯಾಗದಿದ್ದರೆ ಸೂರ್ಯನಿಗೆ ಗ್ರಹಣ ಹಿಡಿಯುತ್ತದೆ. ಪರಿವರ್ತಿಸಿದ ಮೇಲೆ ಒಮ್ಮೆ ಪೂರ್ತಿ ಓದಲೇಬೇಕು.

ಆದ್ದರಿಂದ ಮೂರು ಸಲಹೆ. ಮೊದಲನೆಯದು, ಫ್ಲಾಪಿ, ಸಿ.ಡಿ.ಗಳಲ್ಲಿರುವುದನ್ನು ಇದ್ದಂತೆಯೇ ನಕಲು ಮಾಡಿ. ಪರಿವರ್ತಿಸಿದ ಮೇಲೂ ಮೂಲ ಕಡತವನ್ನು ಅಳಿಸಬೇಡಿ. ಎರಡನೆಯದು, ಬಳಸಿದ ಫಾಂಟನ್ನು, ಆಟವಾದರೆ ಯಂತ್ರದ ಹೆಸರನ್ನು, ಜೊತೆಗೆ ಬರೆದಿಡಿ. ಮೂರನೆಯದು, ಮುಖ್ಯವಾದ ಬರಹವನ್ನು ಕಾಗದದ ಮೇಲೆ ಅಚ್ಚು ಹಾಕಿ; ಕಾಗದಕ್ಕೆ ಯಾವ ಫಾಂಟೂ ಬೇಡ.

ಅಂದು ನೆಲಮಾಳಿಗೆಯಲ್ಲಿ ನಕ್ಷೆ ಕಟ್ಟಿದ ಹುಡುಗರಿಗೆ ಈಗ ನಲವತ್ತು ದಾಟಿದೆ. ನಿಮ್ಮ ಮಗನೋ ಮಗಳೋ ಕಟ್ಟಿದ ಕೋಟೆ ಸಿಕ್ಕಿದರೆ ಅವರಿಗೊಂದು ಫೋನ್ ಮಾಡಿ. ಹಾಗೆಯೇ, ತೀರಿಕೊಂಡವರ ಕೈಬರಹದಷ್ಟೇ ಅವರು ಟೈಪು ಮಾಡಿದ ಕಡತವೂ ಬೆಲೆಯುಳ್ಳದ್ದೆಂದು ತಿಳಿಯಿರಿ. ಓದಲು ಬರುತ್ತಿಲ್ಲವೆಂದ ಮಾತ್ರಕ್ಕೆ ಅದು ಕೆಟ್ಟಿದೆ ಎಂದಲ್ಲ.