ಎಣಿಕೆ ಒಂದನೇ ತರಗತಿಯಿಂದ ಆರಂಭವಾಗಲಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದೊಡನೆ ಧಾರವಾಡದಲ್ಲಿ ಪ್ರತಿವರ್ಷ ಏಳುವ ಪ್ರಶ್ನೆ ಒಂದೇ: ‘ವಿದ್ಯಾಕಾಶಿ’ಗೆ ರಾಜ್ಯದಲ್ಲಿ ಎಷ್ಟನೇ ಸ್ಥಾನ? ವಿಶ್ವವಿದ್ಯಾಲಯಗಳು, ಐಐಟಿ, ಶಿಕ್ಷಣ ಇಲಾಖೆಯ ಅಪರ ಆಯುಕ್ತರ ಕಚೇರಿ ಇರುವ ಊರಿಗೆ ಈ ಕಳವಳ ಸಹಜ. ಆದರೆ ಪ್ರಶ್ನೆಯೇ ಅಪೂರ್ಣ.

ಶೇಕಡಾವಾರು ಎಷ್ಟು ಚಂಚಲವೆಂಬುದನ್ನು ರಾಜ್ಯದ ಅಂಕಿಗಳೇ ಹೇಳುತ್ತವೆ. 2023ರಲ್ಲಿ ಶೇ 83.89ರಷ್ಟಿದ್ದ ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ, ಕೃಪಾಂಕ ಸೇರಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಕೃಪಾಂಕ ಕೈಬಿಟ್ಟ 2025ರಲ್ಲಿ ಶೇ 66.14ಕ್ಕೆ ಬಂತು. ಎರಡು ವರ್ಷಗಳಲ್ಲಿ ಮಕ್ಕಳ ಬುದ್ಧಿ ಕುಂದಲಿಲ್ಲ. ಅಳೆಯುವ ಕೋಲು ಬದಲಾಯಿತು. ಮೇಲಾಗಿ, ಈ ಅಂಕಿ ಪರೀಕ್ಷೆಗೆ ಕುಳಿತವರನ್ನಷ್ಟೇ ಎಣಿಸುತ್ತದೆ. ಹತ್ತು ವರ್ಷಗಳ ಹಿಂದೆ ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಖಾಸಗಿ ಶಾಲೆಗೆ ಹೋದರು, ಎಷ್ಟು ಮಂದಿ ಓದನ್ನೇ ಬಿಟ್ಟರು ಎಂಬುದು ಅದರಲ್ಲಿ ಕಾಣದು.

ದಾಖಲಾತಿ ಕುಸಿಯಲು ಇಂಗ್ಲಿಷ್ ಮೋಹವೊಂದೇ ಕಾರಣವಲ್ಲ. ಖಾಸಗಿ ಶಾಲೆ ಮೂರು-ನಾಲ್ಕರ ವಯಸ್ಸಿಗೇ ಮಗುವನ್ನು ಎಲ್‌ಕೆಜಿಗೆ ಸೇರಿಸಿಕೊಳ್ಳುತ್ತದೆ. ಬಹುತೇಕ ಸರ್ಕಾರಿ ಶಾಲೆಗಳ ಬಾಗಿಲು ತೆರೆಯುವುದು ಆರನೇ ವಯಸ್ಸಿಗೆ. ಮಕ್ಕಳ ಸಂಖ್ಯೆಗೆ ತಕ್ಕಂತೆ ಶಿಕ್ಷಕರ ಹುದ್ದೆ ನಿಗದಿಯಾಗುವುದರಿಂದ, ಮಕ್ಕಳು ಕಡಿಮೆಯಾದರೆ ಶಿಕ್ಷಕರೂ ಕಡಿಮೆ. ಶಿಕ್ಷಕರು ಕಡಿಮೆಯಾದಂತೆ ಪೋಷಕರ ನಂಬಿಕೆಯೂ ಕರಗುತ್ತದೆ. ಇದ್ದವರನ್ನೂ ಅನ್ಯ ಕೆಲಸಗಳು ಸೆಳೆಯುತ್ತವೆ. 2025ರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗಾಗಿ ಸರ್ಕಾರಿ ಶಾಲೆಗಳ ದಸರಾ ರಜೆಯನ್ನೇ ವಿಸ್ತರಿಸಬೇಕಾಯಿತು. ಇನ್ನು ಶಿಕ್ಷಣ ಹಕ್ಕು ಕಾಯ್ದೆಯ ಶೇ 25ರ ಮೀಸಲಾತಿಯಡಿ, 2019ರಲ್ಲಿ ನಿಯಮ ತಿದ್ದುವವರೆಗೆ, ಸಮೀಪದಲ್ಲಿ ಸರ್ಕಾರಿ ಶಾಲೆ ಇದ್ದರೂ ಬಡಮಕ್ಕಳ ಖಾಸಗಿ ಶಾಲೆಯ ಶುಲ್ಕವನ್ನು ಸರ್ಕಾರವೇ ಭರಿಸಿತು.

ಜಿಲ್ಲಾಡಳಿತದ ‘ಮಿಷನ್ ವಿದ್ಯಾಕಾಶಿ’ ಸ್ವಾಗತಾರ್ಹವೇ. ಆದರೆ ಹತ್ತನೇ ತರಗತಿಯಲ್ಲಿ ನೀಡುವ ಆರೈಕೆ, ಮೂರನೇ ತರಗತಿಯಲ್ಲಿ ಓದಲು ಬಾರದೆ ಹಿಂದುಳಿದ ಮಗುವಿಗೆ ತಡವಾಗಿ ಸಿಕ್ಕ ಔಷಧ. ಫಲಿತಾಂಶದ ಒತ್ತಡ ಹೆಚ್ಚಿದಷ್ಟೂ, ದುರ್ಬಲ ವಿದ್ಯಾರ್ಥಿಯನ್ನು ಪರೀಕ್ಷೆಯಿಂದಲೇ ದೂರವಿಡುವ ಆಮಿಷವೂ ಹೆಚ್ಚುತ್ತದೆ.

2025ರ ಬಜೆಟ್ಟಿನಲ್ಲಿ ರಾಜ್ಯಕ್ಕೆ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಘೋಷಿಸಲಾಯಿತು. ಒಂದೇ ಆವರಣದಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಕಲಿಕೆ ದೊರೆಯುವುದು ಒಳ್ಳೆಯದೇ. ಆದರೆ ಅವುಗಳನ್ನು ತುಂಬಿಸಲು ಸಣ್ಣ ಶಾಲೆಗಳನ್ನು ಮುಚ್ಚಿದರೆ, ಕಿರಿಯ ಪ್ರಾಥಮಿಕ ಶಾಲೆ ಒಂದು ಕಿಲೊಮೀಟರ್ ಒಳಗೇ ಇರಬೇಕೆಂಬ ನಿಯಮದ ಗತಿ ಏನು? ಕೂಲಿಗೆ ಹೋಗುವ ತಾಯಿ ಆರು ವರ್ಷದ ಮಗಳನ್ನು ಹುಬ್ಬಳ್ಳಿಯ ವಾಹನದಟ್ಟಣೆ ದಾಟಿಸಿ ನಿತ್ಯ ಶಾಲೆಗೆ ಬಿಟ್ಟುಬರಲಾರಳು.

ಮುಂಬೈ ಆಡಳಿತದಲ್ಲಿ ಮರಾಠಿಯೇ ಶಾಲೆಯ ಭಾಷೆಯಾಗಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಈ ಭಾಗದ ಊರೂರುಗಳಲ್ಲಿ ಕನ್ನಡ ಶಾಲೆ ತೆರೆಯಲು ಶ್ರಮಿಸಿದರು. ಮಗುವಿದ್ದೆಡೆಗೆ ಶಾಲೆಯನ್ನು ಒಯ್ಯುವುದು ಅವರ ಮಾರ್ಗವಾಗಿತ್ತು. ಇಂದು ಬೇಕಿರುವುದು ಕಷ್ಟದ ಕೆಲಸವೇನಲ್ಲ: ಅವಳಿನಗರದ ಪ್ರತಿ ವಾರ್ಡಿನಲ್ಲಿ ಒಂದನೇ ತರಗತಿಗೆ ಸೇರಿದವರೆಷ್ಟು, ಹತ್ತನೇ ತರಗತಿ ತಲುಪಿ ತೇರ್ಗಡೆಯಾದವರೆಷ್ಟು ಎಂಬ ಲೆಕ್ಕವನ್ನು ಇಲಾಖೆ ವರ್ಷಕ್ಕೊಮ್ಮೆ ಪ್ರಕಟಿಸಲಿ. ರಾಜ್ಯದಲ್ಲಿ ನಮ್ಮ ಸ್ಥಾನ ಎಷ್ಟನೆಯದೆಂಬ ಚರ್ಚೆ ಆಮೇಲೆ ನಡೆಯಲಿ.