ಬರಿಯ ಗಿಡಮರದ ಚಿತ್ರವೆ?

ನಿಸರ್ಗಚಿತ್ರ ಬರೆಯುವವನು ಸಮಾಜಕ್ಕೆ ಬೆನ್ನು ಹಾಕಿದವನಂತೆ. ಹೂವು ಗಿಡಗಳಲ್ಲಿ ವಿಚಾರವೆಲ್ಲಿಯದು ಎಂಬ ಪ್ರಶ್ನೆಯಂತೆ! ಮಂಗಳೂರಿನ ರಸಿಕರ ಬಾಯಲ್ಲಿ ಈ ತೀರ್ಪನ್ನು ನಾನು ಕೇಳಿದ್ದು ಒಂದೆರಡು ಸಲವಲ್ಲ. ಈ ಮಹನೀಯರು ರುಮಾಲೆ ಚನ್ನಬಸವಯ್ಯನವರ ಬಾಳನ್ನು ಒಮ್ಮೆ ನೋಡಬೇಕು.

೧೯೧೦ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ರುಮಾಲೆಯವರು ಚಿತ್ರಕಲೆ ಕಲಿತವರು. ಆದರೂ ಕುಂಚವನ್ನು ಕೆಳಗಿಟ್ಟು ಸ್ವಾತಂತ್ರ್ಯ ಚಳವಳಿಗೆ ಧುಮುಕಿದರು, ಸೆರೆಮನೆ ಕಂಡರು, ‘ತಾಯಿನಾಡು’ ಪತ್ರಿಕೆಯಲ್ಲಿ ದುಡಿದರು, ವಿಧಾನ ಪರಿಷತ್ತಿನಲ್ಲಿಯೂ ಕುಳಿತರು. ಸಮಾಜವನ್ನು ಇವರಿಗಿಂತ ಹತ್ತಿರದಿಂದ ಕಂಡ ಟೀಕಾಕಾರರು ನಮ್ಮಲ್ಲಿ ಎಷ್ಟು ಮಂದಿಯೋ! ಅಂಥವರು ಐವತ್ತರ ಅಂಚಿನಲ್ಲಿ ರಾಜಕೀಯವನ್ನು ಬಿಟ್ಟು, ಬೆಂಗಳೂರಿನ ಹೂಬಿಟ್ಟ ಮರಗಳ ಮುಂದೆ ಬಣ್ಣ ಹಿಡಿದು ನಿಂತರು. ೧೯೮೮ರಲ್ಲಿ ತೀರಿಕೊಳ್ಳುವವರೆಗೂ ಅದೇ ಕಾಯಕ. ಇದು ಪಲಾಯನವೆ? ರಸ್ತೆ ಅಗಲಿಸುವ ಹೆಸರಿನಲ್ಲಿ ಆ ಊರಿನ ಸಾಲುಮರಗಳು ಉರುಳಿದ ಮೇಲೆ, ಗುಲ್‌ಮೊಹರಿನ ಆ ಕೆಂಪಿಗೆ ಸಾಕ್ಷಿ ಹೇಳುವವರು ಯಾರು?

ನಮ್ಮೂರಿಗೆ ಬರೋಣ. ೧೮೯೯ರಲ್ಲಿ ಇಟಲಿಯಿಂದ ಬಂದ ಮೊಸ್ಕೆನಿ ಅಲೋಶಿಯಸ್ ಚಾಪೆಲಿನ ಗೋಡೆಗಳನ್ನು ಚಿತ್ರಗಳಿಂದ ತುಂಬಿದ. ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದೊಯ್ಯುತ್ತೇವೆ, ಒಯ್ಯಲೂ ಬೇಕು. ಆದರೆ ಬಾವುಟಗುಡ್ಡೆಯ ಇಳಿಜಾರನ್ನೋ, ಆಟಿಯ ಮಳೆಯಲ್ಲಿ ಕೆಂಪಾದ ನೇತ್ರಾವತಿಯ ಅಳಿವೆಯನ್ನೋ ಬರೆದು ತಂದ ಹುಡುಗನಿಗೆ ‘ಕ್ಯಾಲೆಂಡರ್ ಚಿತ್ರ’ ಎಂದು ನಗುತ್ತೇವೆ. ಅತ್ತ ಹಂಚಿನ ಮಾಡುಗಳು ಒಂದೊಂದಾಗಿ ಇಳಿಯುತ್ತಿವೆ, ಕಾಂಕ್ರೀಟು ಏರುತ್ತಿದೆ. ಬರೆಯುವವರು ಇಲ್ಲವೆಂದಲ್ಲ, ಕಾಸು ಕೊಟ್ಟು ಕೊಳ್ಳುವವರಿಲ್ಲ. ಲಕ್ಷಗಟ್ಟಲೆ ಸುರಿದು ಮನೆ ಕಟ್ಟಿಸಿ, ಗೋಡೆಗೆ ಅಂಗಡಿಯಲ್ಲಿ ಸಿಕ್ಕಿದ ಸ್ವಿಟ್ಜರ್ಲೆಂಡಿನ ಹಿಮವನ್ನು ತೂಗುಹಾಕುವ ನಾವು ಯಾವ ಬಾಯಲ್ಲಿ ವಿಚಾರದ ಮಾತೆತ್ತುವುದು?