ಶೆಡ್ಡಿನ ಬೀಗದ ಕೈ ಯಾರ ಸೊಂಟದಲ್ಲಿ?

ಸಾಸ್ತಾನದಲ್ಲಿ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ತಿರುಗಿದ ಬಸ್ಸು ಹಂಗಾರಕಟ್ಟೆಯಲ್ಲಿ ನಿಂತರೆ ಎದುರಿಗೆ ಕಾಣುವುದು ನೀರು. ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ಈ ಅಳಿವೆಯ ದಂಡೆಯಲ್ಲಿ ದೋಣಿ ಕಟ್ಟುವುದು, ದೋಣಿ ರಿಪೇರಿ, ಬಲೆ ಹೆಣೆಯುವುದು ಹಳೆಯ ಕಸುಬು. ಆಚೆ ದಡದ ಕೋಡಿ ಬೆಂಗ್ರೆಯದೂ ಅದೇ ಬದುಕು. ಒಬ್ಬೊಬ್ಬರೂ ಒಂದೊಂದು ವರ್ಕ್‌ಶಾಪು ಇಟ್ಟುಕೊಳ್ಳುವ ತಾಕತ್ತು ಯಾರಿಗಿದೆ? ಹತ್ತು ಜನ ಸೇರಿ ಒಂದು ಮಾಡು ಹಾಕಿ, ಒಂದು ಮೇಜು, ಒಂದು ಗ್ರೈಂಡರು, ಒಂದು ಡ್ರಿಲ್ಲಿಂಗ್ ಮೆಷಿನ್ನು ಇಟ್ಟುಕೊಳ್ಳುವುದು ಕರಾವಳಿಗೆ ಹೊಸತೇನಲ್ಲ. ಮೀನುಗಾರಿಕಾ ಬಂದರುಗಳಲ್ಲಿ ಸರಕಾರವೂ ಬಲೆ ದುರಸ್ತಿ ಶೆಡ್ಡುಗಳನ್ನು ಕಟ್ಟಿಸಿ ಕೊಟ್ಟಿದೆ.

ಶೆಡ್ಡು ಕಟ್ಟುವುದು ದೊಡ್ಡ ಸಂಗತಿಯಲ್ಲ. ಅದರ ಬಾಗಿಲು ಯಾರು ತೆಗೆಯಬೇಕು, ಯಾರು ಹಾಕಬೇಕು, ಒಳಗೆ ಯಾರು ಬರಬಹುದು ಎಂಬುದೇ ದೊಡ್ಡ ಸಂಗತಿ. ಹೆಚ್ಚಿನ ಕಡೆ ಸಂಘಗಳು ಒಡೆಯುವುದು ಹಣದ ವಿಚಾರಕ್ಕಲ್ಲ, ಬೀಗದ ಕೈ ವಿಚಾರಕ್ಕೆ!

ಎಲ್ಲ ಕಡೆ ಕತೆ ಒಂದೇ. ಉದ್ಘಾಟನೆಯಾದ ಹೊಸತರಲ್ಲಿ ಬಾಗಿಲು ಹಗಲಿರುಳು ತೆರೆದಿರುತ್ತದೆ. ಸದಸ್ಯರು ಬರುತ್ತಾರೆ, ಸದಸ್ಯರ ಭಾವ ಬರುತ್ತಾನೆ, ಭಾವನ ಸ್ನೇಹಿತ ಬರುತ್ತಾನೆ. ಬಸ್ಸಿಗೆ ಕಾಯುವವರು ಮಳೆಗೆ ಒಳಗೆ ನಿಲ್ಲುತ್ತಾರೆ. ಒಂದು ದಿನ ಸ್ಪ್ಯಾನರ್ ಕಾಣೆ. ಇನ್ನೊಂದು ದಿನ ಅರ್ಧ ಸುರುಳಿ ಹಗ್ಗ ಕಾಣೆ. ಕೂಡಲೇ ತುರ್ತು ಸಭೆ, ಹೊಸ ಬೀಗ. ಬೀಗದ ಕೈ ಅಧ್ಯಕ್ಷರ ಸೊಂಟಕ್ಕೆ. ಅಲ್ಲಿಗೆ ಕಳ್ಳತನ ನಿಂತಿತು, ಕೆಲಸವೂ ನಿಂತಿತು. ಬೆಳಿಗ್ಗೆ ಐದಕ್ಕೆ ದೋಣಿ ಇಳಿಸಬೇಕಾದವನು ಎಂಜಿನ್ ಕೆಟ್ಟಿತೆಂದು ಓಡಿ ಬಂದರೆ ಅಧ್ಯಕ್ಷರು ಮದುವೆಗೆಂದು ಉಡುಪಿಗೆ ಹೋಗಿರುತ್ತಾರೆ. "ಹ್ವಾಯ್, ಕೀ ಯಾರ್ ಹತ್ರ ಇತ್ತ್?" "ಗೊತ್ತಿಲ್ಲ ಮಾರಾಯ್ರೆ." ಆ ದಿನದ ದುಡಿಮೆ ಹೋಯಿತು. ವಂತಿಗೆ ಕೊಟ್ಟವನಿಗೆ ಸಿಕ್ಕಿದ್ದು ಬೀಗ ನೋಡುವ ಭಾಗ್ಯ.

ಹಾಗೆಂದು ಬಾಗಿಲು ಹಾರು ಹೊಡೆದಿಡಿ ಎನ್ನುವವರೂ ಸ್ವಲ್ಪ ತಾಳಬೇಕು. ಇಂಥ ಶೆಡ್ಡು ಸೋಮಾರಿ ಕಟ್ಟೆಯಲ್ಲ. ಈಗ ಬಹಳಷ್ಟು ದೋಣಿಗಳು ಫೈಬರಿನವು. ಅದರ ರೆಸಿನ್ನಿಗೆ ಬೆಂಕಿ ತಗಲಲು ಒಂದು ಬೀಡಿ ಸಾಕು. ರೆಸಿನ್ ಗಟ್ಟಿಯಾಗಲು ಎರಡು ಬಗೆಯ ದ್ರಾವಣ ಹಾಕುತ್ತಾರೆ. ಅವನ್ನು ಒಂದಾದ ಮೇಲೊಂದು ರೆಸಿನ್ನಿಗೆ ಬೆರೆಸಬೇಕೇ ಹೊರತು, ಅವೆರಡನ್ನೇ ನೇರವಾಗಿ ಕೂಡಿಸಿದರೆ ಸ್ಫೋಟವಾಗುತ್ತದೆ. ಬಲ್ಲ ಕೆಲಸಗಾರನಿಗೆ ಇದು ಗೊತ್ತು. ನೋಡಲು ಬಂದ ನೆಂಟನಿಗೆ ಗೊತ್ತೇ? ಗ್ರೈಂಡರಿನ ಕಿಡಿ ಕಣ್ಣಿಗೆ ಹಾರುತ್ತದೆ. ತಿರುಗುವ ಬೆಲ್ಟಿಗೆ ಲುಂಗಿಯ ಅಂಚು, ಸೀರೆಯ ಸೆರಗು ಸಿಕ್ಕಿದರೆ ಮೆಷಿನ್ನಿಗೆ ದಯೆ ಇಲ್ಲ. ಅತಿಥಿಯ ಬೆರಳು ಹೋದರೆ ಆಸ್ಪತ್ರೆ ಖರ್ಚು ಯಾರದು? ಕರೆತಂದವನದೋ, ಸಂಘದ್ದೋ, ಬಾಗಿಲು ತೆರೆದವನದೋ? ಬೆರಳು ಹೋದ ಮೇಲೆ ಸಭೆ ಕರೆದರೆ ಬೆರಳು ಬರುವುದಿಲ್ಲ.

ಹಾಗಾದರೆ ದಾರಿ ಯಾವುದು? ದೂರ ಹೋಗಬೇಕಾಗಿಲ್ಲ. ಇದೇ ಹಂಗಾರಕಟ್ಟೆಯ ಹೆಸರಿನ ಯಕ್ಷಗಾನ ಕಲಾಕೇಂದ್ರವಿದೆ. ಯಕ್ಷಗಾನದ ಚೌಕಿಯನ್ನು ನೋಡಿದವರು ಈ ಊರಲ್ಲಿ ಯಾರಿಲ್ಲ? ಚೌಕಿಗೆ ಬಾಗಿಲೂ ಇಲ್ಲ, ಬೀಗವೂ ಇಲ್ಲ. ಅಭಿಮಾನಿಗಳು ಬರುತ್ತಾರೆ, ಮಕ್ಕಳು ಇಣುಕುತ್ತಾರೆ. ಆದರೂ ಒಬ್ಬರ ಕಿರೀಟವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಯಾವ ವೇಷಧಾರಿ ಎಲ್ಲಿ ಕೂರಬೇಕು, ಯಾರ ಪೆಟ್ಟಿಗೆ ಎಲ್ಲಿರಬೇಕು ಎಂಬುದು ಮೊದಲೇ ತೀರ್ಮಾನ. ಬಂದವರು ಎಲ್ಲಿ ನಿಲ್ಲಬೇಕೆಂದು ಹೇಳುವವರು ಅಲ್ಲೇ ಇರುತ್ತಾರೆ. ಚೌಕಿಯನ್ನು ಕಾಯುವುದು ಕಬ್ಬಿಣವಲ್ಲ, ಕ್ರಮ.

ಹೊರಗಿನ ಉದಾಹರಣೆಯೂ ಇದೆ. ಪುಣೆ ಸಮೀಪದ ಪಾಬಳ ಎಂಬ ಹಳ್ಳಿಯಲ್ಲಿ ಡಾ. ಎಸ್. ಎಸ್. ಕಲಬಾಗ್ ಅವರು 1983ರಲ್ಲಿ ವಿಜ್ಞಾನ ಆಶ್ರಮ ಕಟ್ಟಿದರು. ಶಾಲೆ ಬಿಟ್ಟ ಹಳ್ಳಿ ಹುಡುಗರಿಗೆ ಕೈಕೆಲಸ ಕಲಿಸುವುದು ಉದ್ದೇಶ. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯವರು 'ಫ್ಯಾಬ್ ಲ್ಯಾಬ್' ಎಂಬ ಸಾಮೂಹಿಕ ಕಮ್ಮಟ ಶುರು ಮಾಡಿದಾಗ, ತಮ್ಮ ಆವರಣದ ಹೊರಗೆ ಮೊದಲನೆಯದನ್ನು 2002ರಲ್ಲಿ ತೆರೆದದ್ದು ಈ ಹಳ್ಳಿಯಲ್ಲೇ. ಇಂಥ ಕಮ್ಮಟಗಳು ಒಪ್ಪಿಕೊಂಡ ಕರಾರು ಬಹಳ ಸರಳ: ಜನರಿಗೂ ಮೆಷಿನ್ನಿಗೂ ಗಾಯ ಮಾಡಬೇಡಿ, ಕೆಲಸವಾದ ಮೇಲೆ ಗುಡಿಸಿ ಹೋಗಿ, ಕಲಿತದ್ದನ್ನು ಇನ್ನೊಬ್ಬರಿಗೆ ಕಲಿಸಿ. ಈ ಮೂರು ಮಾತಿಗೆ ಪದವಿ ಬೇಕೇ?

ಇಲ್ಲಿನ ಶೆಡ್ಡುಗಳಿಗೂ ನಾಲ್ಕೈದು ನಿಯಮ ಸಾಕು. ಬೀಗದ ಕೈ ಮೂರಿರಲಿ, ಒಂದು ಪದಾಧಿಕಾರಿಯಲ್ಲಿ, ಎರಡು ದಂಡೆಯ ಮೇಲೆಯೇ ವಾಸವಿರುವ ಕೆಲಸಗಾರರಲ್ಲಿ. ಕೈ ಯಾರಲ್ಲಿದೆ ಎಂದು ಬಾಗಿಲ ಮೇಲೆಯೇ ದೊಡ್ಡಕ್ಷರದಲ್ಲಿ ಬರೆಯಲಿ. ಒಂದು ನೋಟ್‌ಬುಕ್ಕು, ಅದಕ್ಕೆ ಕಟ್ಟಿದ ಒಂದು ಪೆನ್ನು: ಯಾರು ತೆಗೆದರು, ಯಾರು ಹಾಕಿದರು, ಎಷ್ಟು ಗಂಟೆಗೆ. ಅತಿಥಿ ಬರಲಿ, ಆದರೆ ಕರೆತಂದ ಸದಸ್ಯ ಜೊತೆಗಿರಲಿ. ಸದಸ್ಯ ಹೊರಟರೆ ಅತಿಥಿಯೂ ಹೊರಡಲಿ. ನೆಲದ ಮೇಲೆ ಹಳದಿ ಬಣ್ಣದ ಗೆರೆ ಎಳೆದು, ಕೆಲಸ ಬಾರದವರು ಅದನ್ನು ದಾಟಬಾರದೆಂದು ಮಾಡಲಿ. ರೆಸಿನ್ನಿನ ಡಬ್ಬಗಳಿಗೆ ಬೇರೆ ಕಪಾಟು, ಬೇರೆ ಬೀಗ.

ಮುಖ್ಯ ಮಾತು ಇನ್ನೊಂದಿದೆ. ಬಾಗಿಲಲ್ಲಿ ನಿಂತು ನೋಡುವ ಹುಡುಗನನ್ನು "ಹೋಗಾ ಆಚಿಗೆ" ಎಂದು ಅಟ್ಟುವುದು ಸುಲಭ. ಆದರೆ ಇವತ್ತು ಇಣುಕಿ ನೋಡಿದವನೇ ನಾಳೆ ಉಳಿ ಹಿಡಿಯುವವನು. ಬಲೆ ಹೆಣೆಯಲು ಬರುವ ಎಳೆಯರು ಕಡಿಮೆಯಾದರೆಂದು ಹಿರಿಯರು ಕೊರಗುತ್ತಾರೆ. ಬೀಗ ಹಾಕಿದ ಬಾಗಿಲಿನಿಂದ ಕಸುಬು ಕಲಿಯುವುದು ಹೇಗೆ? ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ಕಡಲಿಗೆ ರಜೆ. ಬಲೆ, ದೋಣಿ ರಿಪೇರಿಯ ಕಾಲ ಅದೇ. ಆಗ ವಾರಕ್ಕೆ ಒಂದು ಸಂಜೆಯಾದರೂ ಶಾಲೆ ಮಕ್ಕಳಿಗೆ, ಊರವರಿಗೆ ಬಾಗಿಲು ತೆರೆದು, ಹಿರಿಯರೊಬ್ಬರು ಕೂತು ತೋರಿಸಿದರೆ ಯಾರ ಗಂಟು ಹೋಗುತ್ತದೆ?

ಅಂಗಡಿಯವರಿಗೆ ಇದರಲ್ಲಿ ಏನು ಎಂದು ಕೇಳಬೇಡಿ. ಶೆಡ್ಡು ನಡೆದರೆ ನೂಲು, ಮೊಳೆ, ಬಣ್ಣ, ಚಾ ಎಲ್ಲವೂ ನಡೆಯುತ್ತದೆ. ಶೆಡ್ಡಿಗೆ ತುಕ್ಕು ಹಿಡಿದರೆ ಗಲ್ಲಾಪೆಟ್ಟಿಗೆಗೂ ಹಿಡಿಯುತ್ತದೆ.

ಬೀಗ ಕಳ್ಳನನ್ನು ತಡೆಯಲು ಇರುವುದು, ಕಸುಬುದಾರನನ್ನಲ್ಲ. ಈ ಸಲದ ಮಳೆಗಾಲಕ್ಕೆ ಮೊದಲು ಸಂಘದವರು ಒಂದು ಸಂಜೆ ಕೂತು ಇಷ್ಟನ್ನು ಬರೆದು ಬಾಗಿಲಿಗೆ ಅಂಟಿಸುವರೇ? ಅಥವಾ ಮುಂದಿನ ಸ್ಪ್ಯಾನರ್, ಇಲ್ಲವೇ ಮುಂದಿನ ಬೆರಳು, ಹೋಗಲೆಂದು ಕಾಯುವರೇ?